ಬಸುರಿ ಗದ್ದೆಯ ಪೈಪು

ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಕನ್ನಮ್ಮನ ಕೈ ನಿಂತಿತು. ಪಕ್ಕದ ಪ್ರದೀಪ ಹೆಗಡೆಯವರ ಬಚ್ಚಲ ಕಡೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು.

"ಎಂತ ಒಡೀತಿದಾರೆ ನೋಡು," ಎಂದಳು ಸೊಸೆಗೆ.

ಧನ್ಯಶ್ರೀ ಬೇಲಿಯ ತನಕ ಹೋಗಿ ಬಂದಳು. "ಹಂಡೆ ಒಲೆ ಅತ್ತೆ. ಗುಜರಿಯವನು ಹಂಡೆ ಹೊತ್ಕೊಂಡು ಹೋಗ್ತಿದಾನೆ."

"ಹೋಗ್ಲಿ," ಎಂದು ಕನ್ನಮ್ಮ ಮತ್ತೆ ಕೇರತೊಡಗಿದಳು. ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

ಬ್ಯಾಕೋಡಿನ ಆ ಮನೆಯಲ್ಲೇ ಹೆಗಡೆಯವರು ಪ್ರವಾಸಿಗರಿಗೆಂದು ನಡೆಸುವ ಹೋಂಸ್ಟೇಯಲ್ಲಿ ಹೊಸ ಯಂತ್ರ ಕೂತಿತ್ತು. ನೆಲದಡಿ ಹಾಸಿದ ಪೈಪಿನಲ್ಲಿ ನೀರು ಸುತ್ತುತ್ತದೆ. ಚಳಿಗಾಲದಲ್ಲಿ ಮೇಲಿನ ಗಾಳಿ ಕೊರೆದರೂ ಆಳದ ಮಣ್ಣು ಬೆಚ್ಚಗೇ ಇರುತ್ತದಲ್ಲ, ಆ ಬಿಸುಪನ್ನು ನೀರು ಹೊತ್ತು ತರುತ್ತದೆ. ಯಂತ್ರ ಅದನ್ನು ಹೆಚ್ಚಿಸಿ ಕೋಣೆಗೂ ಸ್ನಾನದ ನೀರಿಗೂ ಕೊಡುತ್ತದೆ. ಬೇಸಿಗೆಯಲ್ಲಿ ತಿರುಗುಮುರುಗು: ಕೋಣೆಯ ಸೆಕೆಯನ್ನು ಎಳೆದು ಮಣ್ಣಿಗೆ ಬಿಡುತ್ತದೆ. ಸೌದೆ ಬೇಡ, ಕರೆಂಟೂ ಕಮ್ಮಿ. ಒಳ್ಳೆಯ ಯಂತ್ರವೇ. ಆದರೆ ಹೆಗಡೆಯವರ ಜಾಗದಲ್ಲಿ ಒಂದು ಮೊಳ ಅಗೆದರೆ ಜಂಬಿಟ್ಟಿಗೆ ಕಲ್ಲು. ಕನ್ನಮ್ಮನ ಗದ್ದೆಯಲ್ಲಿ ಹದವಾದ ಮಣ್ಣು. ಹೋದ ಬೇಸಿಗೆ ಅವಳು ಮನೆಗೆ ಬೀಗ ಹಾಕಿ, ಮಗಳ ಬಾಣಂತನಕ್ಕೆ ಹೊಸನಗರಕ್ಕೆ ಹೋಗಿದ್ದಾಗ ಜೆಸಿಬಿ ತರಿಸಿ ಅಗೆದು, ಪೈಪು ಹಾಸಿ ಮುಚ್ಚಿಸಿದ್ದರು. ಬದು ಗಟ್ಟಿ ಮಾಡಿಸಿಕೊಟ್ಟೆ ಎಂದಿದ್ದರು. ಪಾಪದ ಕನ್ನಮ್ಮ ಕೈ ಮುಗಿದೂ ಬಂದಿದ್ದಳು.

ಗೊತ್ತಾದದ್ದು ಭೂಮಿ ಹುಣ್ಣಿಮೆಯ ಬೆಳಗ್ಗೆ. ಪೈರು ತೆನೆಗಟ್ಟುವ ಹೊತ್ತಿಗೆ ಭೂಮಿ ಬಸುರಿ. ಅಂದು ಅವಳಿಗೆ ಬಯಕೆಯೂಟ ಬಡಿಸಿ, ಗದ್ದೆಯ ಮೂಲೆಯಲ್ಲಿ ಒಂದು ಕಡುಬು ಹೂಳುವುದು ವಾಡಿಕೆ. ಕಡುಬಿಗೆಂದು ಗುಂಡಿ ತೋಡಿದ ಗುದ್ದಲಿಗೆ, ಅಲ್ಲಿ ಮೇಲೇರಿ ಹೆಗಡೆಯವರ ಮನೆಯತ್ತ ತಿರುಗಿದ್ದ ಕರಿ ಪೈಪು ತಗುಲಿತು.

ಕೇಳಲು ಹೋದರೆ ಹೆಗಡೆಯವರು ಜಗಲಿಯಿಂದ ಇಳಿಯಲೂ ಇಲ್ಲ.

"ಪೈಪು ಅಡಿಗಿದ್ದು, ನಿನ್ನ ಬತ್ತ ಮೇಲಿದ್ದು. ನಿಂಗೆಂತ ನಷ್ಟ ಮಾರಾಯ್ತಿ?"

"ನಿಮ್ಮನೆ ಸೆಕೆನ ಬಸುರಿ ಭೂಮ್ತಾಯಿ ಹೊಟ್ಟೆಗೆ ಬಿಡ್ತೀರಲ್ಲ ಹೆಗಡೇರೆ?"

"ಬಸುರಿಗೆ ಬೆಚ್ಚಗಿದ್ರೆ ಒಳ್ಳೇದೇ ಅಲ್ದಾ," ಎಂದು ನಕ್ಕರು. ಒಳಗಿನವರೂ ನಕ್ಕರು.

ಮರುದಿನವೇ ಕನ್ನಮ್ಮ ಪತ್ರ ಬರೆದಳು. 'ನನ್ನ ಗದ್ದೆಯಲ್ಲಿರುವ ನಿಮ್ಮ ಪೈಪನ್ನು, ಈ ಪತ್ರ ಮುಟ್ಟಿದ ಮೇಲೆ ಬರುವ ಅಮಾವಾಸ್ಯೆಯೊಳಗೆ ತೆಗೆಯಿರಿ. ಇಲ್ಲವಾದರೆ ನಾನೇ ಅಗೆಸಿ ಬದುವಿನ ಮೇಲೆ ಇಡುತ್ತೇನೆ.' ಬರೆದು, ಅಕ್ಕಿ ಡಬ್ಬಿಯಲ್ಲಿಟ್ಟಳು.

"ಯಾಕೆ ಕಳ್ಸಲ್ಲ ಅತ್ತೆ?" ಎಂದು ಕಾರ್ತಿಕದಲ್ಲಿ ಮದುವೆಯಾಗಿ ಬಂದ ಧನ್ಯಶ್ರೀ ಕೇಳುತ್ತಲೇ ಇದ್ದಳು.

"ಈಗ ಕಳ್ಸಿದ್ರೆ ಹಂಡೆಗೆ ಬೆಂಕಿ ಹಾಕಿ ನೀರು ಕಾಸ್ಕೊತಾರೆ. ಕಾಯಿ ಹಣ್ಣಾಗ್ಲಿ."

ಚಳಿಗಾಲವಿಡೀ ಅವಳ ಮಣ್ಣಿನ ಬಿಸುಪಿನಲ್ಲಿ ಹೆಗಡೆಯವರ ಅತಿಥಿಗಳು ಮಿಂದರು. ಕನ್ನಮ್ಮ ನೋಡುತ್ತ ಕೂತಳು. ಬೇಸಿಗೆ ರಜೆಗೆ ಕೋಣೆಗಳೆಲ್ಲ ಬುಕ್ಕಾದವು. ಯಂತ್ರವಿದೆಯಲ್ಲ ಎಂದು ಹೆಗಡೆಯವರು ಫ್ಯಾನುಗಳನ್ನು ಬಿಚ್ಚಿಸಿದರು. ಯಂತ್ರ ನಿಂತರೆ ಆಸರೆಗೆ ಉಳಿದದ್ದು ಆ ಹಂಡೆ ಒಲೆಯೊಂದೇ.

ಸುತ್ತಿಗೆಯ ಸದ್ದು ನಿಂತಿತು. ಕನ್ನಮ್ಮ ಮೊರ ಕೆಳಗಿಟ್ಟು, ಡಬ್ಬಿಯಿಂದ ಪತ್ರ ತೆಗೆದು, ಅಂಟಿದ್ದ ಅಕ್ಕಿಯ ಧೂಳು ಕೊಡವಿ, ಅಂಚೆ ಕಚೇರಿಗೆ ಹೊರಟಳು.

"ಪಕ್ಕದ ಮನೆಗಲ್ವಾ ಕನ್ನಮ್ಮ? ಬೇಲಿ ಮೇಲಿಂದ ಕೊಟ್ರೂ ಆಗ್ತಿತ್ತು," ಎಂದಳು ಅಂಚೆಯ ಭವ್ಯಶ್ರೀ.

"ಗದ್ದೆ ಅಗೆಯೋವಾಗ ಅವ್ರು ಬೇಲಿ ಮೇಲಿಂದ ಕೇಳಿದ್ರಾ? ಸಹಿ ಹಾಕಿ ತಗೊಳ್ಳೋ ಹಂಗೆ ಕಳ್ಸು ಮಾರಾಯ್ತಿ."

"ಭಾರೀ ಬಿಸಿ ಇದೀರಿ ಇವತ್ತು."

"ನಂದಲ್ಲ. ಅವರ ಮನೇದೇ, ವಾಪಸ್ ಕೊಡ್ತಿದೀನಿ."

ಭವ್ಯಶ್ರೀ ಲಕೋಟೆಗೆ ಮುದ್ರೆ ಒತ್ತಿ ಚೀಲಕ್ಕೆ ಹಾಕಿದಳು. ಚೀಲದ ಬಾಯಿ ಕಟ್ಟುವ ತನಕ ಕನ್ನಮ್ಮ ಕದಲಲಿಲ್ಲ.