ಇಕ್ಕಳದಮ್ಮನ ಟ್ರಸ್ಟು

ಮೂವತ್ತೆಂಟು ವರ್ಷ ಊರಿನವರ ಹಲ್ಲು ಕಿತ್ತಿದ್ದರಿಂದ ಆ ಡಾಕ್ಟರಮ್ಮನಿಗೆ ಇಕ್ಕಳದಮ್ಮ ಎಂಬ ಹೆಸರು ಅಂಟಿಕೊಂಡಿತ್ತು. ನಿವೃತ್ತಿಯಾಗಿ, ಗಂಡನೂ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಗ ಶನಿವಾರ ಬರುತ್ತಿದ್ದ, ಮಗಳು ಭಾನುವಾರ. ಅಣ್ಣ ತಂಗಿಯ ನಡುವೆ ಮಾತು ಬಿಟ್ಟುಹೋಗಿ ವರ್ಷಗಳಾಗಿದ್ದವು.

ಒಂದು ಬೆಳಿಗ್ಗೆ ರವಿಕೆಯ ಗುಂಡಿ ಕಿತ್ತುಬಂದು ಊಟದ ಮೇಜಿನಡಿಗೆ ಉರುಳಿತು. ಹುಡುಕಲು ಬಗ್ಗಿದವರಿಗೆ ಹಲಗೆಯ ಅಡಿಭಾಗದಲ್ಲಿ ಕೆಂಪು ಚೀಟಿಯೊಂದು ಕಂಡಿತು. ಮಗನ ಅಕ್ಷರ: 'ನನಗೆ'. ಅನುಮಾನ ಬಂದು ಇಡೀ ಮನೆ ತಡಕಿದರು. ಗಡಿಯಾರದ ಬೆನ್ನಿಗೆ, ಬೀರುವಿನ ಒಳಬಾಗಿಲಿಗೆ ಮಗಳ ಹಸಿರು ಚೀಟಿ. ಅವರೇ ಮಲಗುವ ಮಂಚದಡಿಯಲ್ಲಂತೂ ಕೆಂಪಿನ ಮೇಲೆ ಹಸಿರು, ಹಸಿರಿನ ಮೇಲೆ ಮತ್ತೆ ಕೆಂಪು.

ನೆಲದ ಮೇಲೇ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಎದ್ದು, ಎಲ್ಲ ಚೀಟಿಗಳನ್ನೂ ನಾಜೂಕಾಗಿ ಕಿತ್ತು ಅದಲುಬದಲು ಮಾಡಿ ಅಂಟಿಸಿದರು. ಮಗನ ಪಾಲಿಗೆ ಹೊಲಿಗೆ ಯಂತ್ರ ಬಂತು. ಮಗಳ ಪಾಲಿಗೆ ಅಪ್ಪನ ಕ್ಷೌರದ ಪೆಟ್ಟಿಗೆ.

ಮರುದಿನ ವಕೀಲೆಯ ಕಚೇರಿಗೆ ಹೋದರು.

"ವಿಲ್ ಬರೀಬೇಕಾ ಅಮ್ಮ?"

"ವಿಲ್ಲು ಕೆಲಸಕ್ಕೆ ಬರೋದು ನಾನು ಹೋದ್ಮೇಲೆ ತಾನೇ? ನಂಗೀಗ್ಲೇ ಒಂದು ಏರ್ಪಾಡು ಬೇಕಾಗಿದೆ."

"ಹಾಗಾದ್ರೆ ಟ್ರಸ್ಟ್ ಮಾಡಿ. ಮನೆ ಟ್ರಸ್ಟಿನ ಹೆಸರಿಗೆ ಹೋಗುತ್ತೆ, ನೀವು ಬದುಕಿರೋವರೆಗೂ ಅಲ್ಲೇ ಇರ್ತೀರ. ನಾಳೆ ಮರೆವು ಬಂತು, ಹಾಸಿಗೆ ಹಿಡಿದ್ರಿ ಅಂದ್ಕೊಳ್ಳಿ, ಆಗ ನಿಮ್ಮ ಆರೈಕೆ ನೋಡ್ಕೊಳ್ಳೋದು ಟ್ರಸ್ಟಿಯ ಹೊಣೆ. ನಿಮ್ಮ ನಂತರ ಮಕ್ಕಳಿಗೆ ಸಮಪಾಲು. ಆದ್ರೆ ಟ್ರಸ್ಟಿ ನಂಬಿಕಸ್ಥರಾಗಿರ್ಬೇಕು. ಯಾರಿದ್ದಾರೆ?"

"ನನ್ನ ನಾದಿನಿ."

"ತುಂಬಾ ನಂಬಿಕೆನಾ?"

"ನಂಗೂ ಅವಳಿಗೂ ಮುಖ ಕಂಡ್ರಾಗಲ್ಲ. ರೈಲಲ್ಲಿ ಟಿಕೆಟ್ ತಪಾಸಣೆ ಮಾಡ್ತಿದ್ಲು. ಟಿಕೆಟ್ ಇಲ್ಲ ಅಂತ ಸ್ವಂತ ಸೋದರಮಾವನ್ನೇ ಮುಂದಿನ ಸ್ಟೇಷನ್ನಲ್ಲಿ ಇಳಿಸಿದೋಳು. ಅಂಥೋಳು ನನ್ನ ಮಕ್ಕಳ ಬೆಣ್ಣೆ ಮಾತಿಗೆ ಕರಗ್ತಾಳಾ?"

ವಕೀಲೆ ನಗು ತಡೆಯಲು ಕೆಮ್ಮಿದರು. ನಾದಿನಿಗೆ ಫೋನ್ ಹೋಯಿತು. ಆಕೆ ಬಂದು, ಪತ್ರವನ್ನು ಎರಡು ಸಲ ಓದಿ, "ಇದ್ರಲ್ಲೇನು ಮೋಸ ಇದೆ ಅತ್ತಿಗೆ?" ಎಂದು ಕೇಳಿ, ಮೂರನೇ ಸಲ ಓದಿದ ಮೇಲೆ ಸಹಿ ಹಾಕಿದಳು.

ಸುದ್ದಿ ಕೇಳಿ ಮಗ, ಮಗಳು ಒಂದೇ ದಿನ ಓಡಿ ಬಂದರು.

"ಹೋಗಿ ಹೋಗಿ ಅತ್ತೆನಾ? ನಮ್ಮ ಮೇಲೆ ನಂಬಿಕೆ ಇಲ್ವಾ ಅಮ್ಮ?" ಎಂದಳು ಮಗಳು.

"ಇದೆಯಲ್ಲ. ಯಾರ್ಯಾರಿಗೆ ಏನೇನು ಬೇಕೋ ನೀವೇ ಗುರುತು ಹಾಕಿದ್ದೀರ. ಬಗ್ಗಿ ನೋಡ್ಕೊಳ್ಳಿ."

ಇಬ್ಬರೂ ಬಗ್ಗಿದರು. ಮೇಜಿನಡಿಯಿಂದ "ಇದು ನೀನ್ ಅಂಟಿಸಿದ್ದು!" "ನಾನಲ್ಲ, ನೀನು!" ಎಂಬ ಜಗಳ ಕೇಳಿತು. ವರ್ಷಗಳ ನಂತರ ಅಣ್ಣ ತಂಗಿ ಆಡಿದ ಮೊದಲ ಮಾತು ಅದು. ಹೊರಬಂದಾಗ ಇಬ್ಬರ ಮುಖವೂ ಕೆಂಪಾಗಿತ್ತು. ಅಮ್ಮನ ಕಡೆ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಚೀಟಿಗಳನ್ನು ಮಕ್ಕಳಿಬ್ಬರೇ ಕೆರೆದು ತೆಗೆದರು.

ಇಕ್ಕಳದಮ್ಮನ ಲೆಕ್ಕ ತಪ್ಪಿದ್ದು ಒಂದೇ ಕಡೆ. ಟ್ರಸ್ಟಿ ಎಂದರೆ ಕಾಗದದ ಮೇಲಿನ ಹೆಸರು ಎಂದುಕೊಂಡಿದ್ದರು. ನಾದಿನಿ ಹಾಗೆಂದುಕೊಂಡಿರಲಿಲ್ಲ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಟಾರ್ಚ್, ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸ್ನಾನದ ಮನೆಯ ನಲ್ಲಿ ಸೋರ್ತಿದೆ ಅತ್ತಿಗೆ. ಟ್ರಸ್ಟಿನ ಆಸ್ತಿ ಹಾಳು ಮಾಡೋ ಹಾಗಿಲ್ಲ. ಮತ್ತೆ, ರಕ್ತದೊತ್ತಡದ ಮಾತ್ರೆ ತಗೊಂಡ್ರಾ?"

"ಅದೂ ಟ್ರಸ್ಟಿಗೆ ಸೇರಿದ್ದಾ?"

"ಆರೈಕೆ ಅಂತ ಬರೆದಿದೆ. ಮೂರು ಸಲ ಓದಿದೀನಿ. ನುಂಗಿ."

ಇಕ್ಕಳದಮ್ಮ ಗೊಣಗುತ್ತಾ ನುಂಗಿದರು. ಮುಂದಿನ ಬುಧವಾರ ಒಂಬತ್ತೂವರೆಗೇ ಎರಡು ಲೋಟ ತೊಳೆದಿಟ್ಟು, ಕಿಟಕಿಯ ಬಳಿ ಕುಳಿತು, ಆಕೆಯನ್ನು ಯಾವ ಮಾತಿನಿಂದ ಕೆಣಕಬಹುದೆಂದು ಯೋಚಿಸುತ್ತಿದ್ದರು.