ಎರಡು ಬ್ಯೂರೋಗಳ ಯಮನವ್ವ

ಯಮನವ್ವ ಮುಂಜಾನೆ ಪುಣೆಯ ಶಿವಾಜಿನಗರದ ನರ್ಸಿಂಗ್ ಬ್ಯೂರೋದವಳು, ಸಂಜೆ ಕ್ಯಾಂಪಿನ ಬ್ಯೂರೋದವಳು. ಕಾಯಿಲೆಯವರ ಮನೆಗೆ ಯಮನ ಹೆಸರು ಹೊತ್ತವಳನ್ನು ಕಳಿಸುವುದು ಹೇಗೆಂದು ಮೊದಲನೆಯವರು ಅವಳನ್ನು ಯಮುನಾ ಮಾಡಿದ್ದರು, ಎರಡನೆಯವರು ಜಮುನಾ. ಎರಡೂ ಕಡೆ ಒಂದೇ ಕಟ್ಟಳೆ: ನಮ್ಮವರು ಬೇರೆ ಬ್ಯೂರೋದ ಮೆಟ್ಟಿಲು ಹತ್ತಬಾರದು, ಹತ್ತಿದರೆ ಅಂದೇ ಕೆಲಸ ಹೋಯಿತು. ಭೋಸರಿಯಲ್ಲಿ ಗಂಡ ಕಾಶಪ್ಪನ ಕಾರ್ಖಾನೆಗೆ ಬೀಗ ಬಿದ್ದಾಗ ಎರಡನೆಯದನ್ನು ಹಿಡಿದಿದ್ದಳು. ಬೀಗ ತೆಗೆದ ಮೇಲೂ ಬಿಡಲು ಮನಸ್ಸಾಗಲಿಲ್ಲ. ಎರಡೂ ಮನೆಯ ರೋಗಿಗಳ ಮೇಲೆ ಅವಳಿಗೆ ಜೀವ. ಆಸೆಬುರುಕಿ ಅನ್ನುವವರು ಅನ್ನಲಿ.

ಮುಂಜಾನೆಯ ಮನೆ ಧಾರವಾಡ ಕಡೆಯ ರಾಧಾಬಾಯಿಯವರದು. ಮುರಿದ ತೊಡೆಯ ಎಲುಬು ಕೂಡಿತ್ತು, ಹೆದರಿಕೆ ಹೋಗಿರಲಿಲ್ಲ. ಯಮನವ್ವನ ಹೆಗಲಿಲ್ಲದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅವರ ತಲೆ ಬಾಚುತ್ತ ಕನ್ನಡದಲ್ಲಿ ಹರಟುವಾಗ ಯಮನವ್ವ ಇನ್ನೊಂದು ಬ್ಯೂರೋದ ಸಂಗತಿಯನ್ನೂ ಹೇಳಿಬಿಟ್ಟಿದ್ದಳು. ಅದು ಗುಟ್ಟು ಎಂದು ಹೇಳಲು ಮಾತ್ರ ಮರೆತಿದ್ದಳು.

ಎಂಬತ್ತಮೂರನೆಯ ಇಸವಿಯ ಸಂಕ್ರಾಂತಿ ಕಳೆದು ಆ ಮನೆಯಲ್ಲಿ ಅರಿಷಿಣ-ಕುಂಕುಮ ಇಟ್ಟುಕೊಂಡರು. ಮಧ್ಯಾಹ್ನ ಹೆಂಗಸರು ಬಂದು ಕೂಡತೊಡಗಿದಾಗ ರಾಧಾಬಾಯಿ ಹೆಮ್ಮೆಯಿಂದ, "ನಿನ್ನ ಎರಡೂ ಬ್ಯೂರೋ ನಡಸೋ ಬಾಯಿಗೋಳನ್ನ ಕರಸೀನಿ ನೋಡು. ನಿನಗ ಮರ್ಯಾದಿ ಆಗಬೇಕಲ್ಲ," ಎಂದರು.

"ಬಾಯಾರ, ನನ್ನ ಕೆಲಸ ಹೋತ್ರಿ," ಅಂದು ಯಮನವ್ವ ಕಟ್ಟಳೆಯ ಮಾತು ಹೇಳಿದಳು. ರಾಧಾಬಾಯಿಯ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಶಿವಾಜಿನಗರದ ಇಂದೂತಾಯಿ ಬಂದರು. ಬೆನ್ನಿಗೇ ಕ್ಯಾಂಪಿನ ಅಂಬಾಬಾಯಿ. ಒಬ್ಬರು ಯಮುನಾ ಎಂದು ಕರೆದರು, ಇನ್ನೊಬ್ಬರು ಜಮುನಾ ಎಂದು; ಇಬ್ಬರ ಕರೆಗೂ ತಿರುಗಿದ್ದು ಒಂದೇ ಮುಖ. ಅಂಬಾಬಾಯಿಯ ಹುಬ್ಬು ಗಂಟಿಕ್ಕಿತು, ಬಾಯಿ ತೆರೆಯಿತು.

ಆಗ ರಾಧಾಬಾಯಿ ಮಂಚದಿಂದ ಎದ್ದರು. ಎಳ್ಳು-ಬೆಲ್ಲದ ಬಟ್ಟಲು ಎತ್ತಿಕೊಂಡು, ಯಾರ ಹೆಗಲನ್ನೂ ಹಿಡಿಯದೆ ಕೋಣೆ ದಾಟಿ ಬಂದು ಇಬ್ಬರ ಅಂಗೈಗೂ ಹಾಕಿದರು. ಇನ್ನು ಸಿಹಿಯಾಗಿ ಮಾತಾಡಿ ಎಂದು ಮರಾಠಿಯಲ್ಲಿ ಹೇಳಿದರು. ಸಂಕ್ರಾಂತಿಯ ಎಳ್ಳು ಕೈಯಲ್ಲಿ ಹಿಡಿದು ಜಗಳ ತೆಗೆಯುವ ಹೆಂಗಸು ಪುಣೆಯಲ್ಲಿ ಹುಟ್ಟಿಲ್ಲ.

"ಅತ್ತಿಯವರು ನಡದ್ರು," ಎಂದಳು ಸೊಸೆ, ನಂಬಲಾರದೆ. ನಡೆಯಲು ಕಲಿಸಿದವರು ಯಾರೆಂದು ಹೆಂಗಸರು ಕೇಳಿದರು. ನಮ್ಮ ಸಿಸ್ಟರ್ ಎಂದರು ಇಂದೂತಾಯಿ. ನಮ್ಮ ಸಿಸ್ಟರ್ ಎಂದರು ಅಂಬಾಬಾಯಿ, ಇನ್ನೂ ಜೋರಾಗಿ. ಹತ್ತು ಜನರೆದುರು ಹಾಗೆಂದ ಮೇಲೆ ನಾಳೆ ಅವಳನ್ನು ಕೆಲಸದಿಂದ ಬಿಡಿಸುವುದು ಹೇಗೆ? ಬಿಡಿಸಿದವರು ಅವಳನ್ನು ಉಡಿ ತುಂಬಿ ಇನ್ನೊಬ್ಬರಿಗೆ ಕಳಿಸಿಕೊಟ್ಟಂತೆ.

ಯಮನವ್ವ ಮಾತ್ರ ರಾಧಾಬಾಯಿಯ ಕಾಲುಗಳನ್ನೇ ನೋಡುತ್ತಿದ್ದಳು. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ, ಜೊತೆಗೇ ಈ ಮನೆಯ ಕೆಲಸ ಮುಗಿಯಿತೆಂದೂ ಹೊಳೆಯಿತು. "ನಡದ್ರಿ ಬಾಯಾರ. ಇನ್ನ ನಿಮಗ ನರ್ಸ್ ಬೇಕಿಲ್ಲ."

"ಬ್ಯಾಡ ಬಿಡು," ಎಂದರು ರಾಧಾಬಾಯಿ, ಕುಂಕುಮದ ಭರಣಿ ತೆಗೆಯುತ್ತ. "ಇನ್ನ ಮ್ಯಾಲೆ ಮನಿ ಮಗಳಾಗಿ ಬಾ. ಈಗ ಚಾಪಿ ಮ್ಯಾಲೆ ಕೂಡು, ನಿನಗ ಹಚ್ಚೂದು ಉಳದದ."

ಯಮನವ್ವ ಇಂದೂತಾಯಿ ಮತ್ತು ಅಂಬಾಬಾಯಿಯ ನಡುವೆ ಕೂತಳು. ಇಬ್ಬರೂ ಸರಿದು ಜಾಗ ಮಾಡಿಕೊಟ್ಟರು.