ಮೇಲಿನ ಸಾ

“ಕಳ್ಳಿ! ಬೆರಳ ನೋಡಿ ಹೇಳಾಕತ್ತಿ. ಗ್ವಾಡಿಗೆ ಮುಖ ಮಾಡು,” ಎಂದು ಅಮರಪ್ಪ ಮಗಳನ್ನು ಗದರಿದ.

ಸವಿತಾ ನಗುತ್ತಾ ಅಪ್ಪನಿಗೆ ಬೆನ್ನು ಮಾಡಿ ಕೂತಳು. ಪಟ್ಟಂದೂರು ಅಗ್ರಹಾರದ ಈ ಒಂದೇ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಇದೇ ಪರೀಕ್ಷೆ. ಅವನು ಹಾರ್ಮೋನಿಯಂ ಪೇಟಿಯಲ್ಲಿ ಮೇಲಿನದೊಂದು, ಕೆಳಗಿನದೊಂದು ಸ್ವರ ನುಡಿಸಬೇಕು. ಎಲ್ಲಿಂದ ಎಲ್ಲಿಗೆ ಇಳಿಯಿತೆಂದು ಇವಳು ಬರೀ ಕಿವಿಯಿಂದ ಹಿಡಿಯಬೇಕು. ಏರುವ ಸ್ವರಗಳನ್ನು ನಿದ್ದೆಗಣ್ಣಲ್ಲೂ ಹೇಳುವ ಹುಡುಗಿ ಇಳಿಯುವಾಗ ಮುಗ್ಗರಿಸುತ್ತಿದ್ದಳು. ಸಂಜೆಯ ಭಜನೆಯಲ್ಲೋ, ಮೊದಲ ಸಲ ಅವಳೇ ಮುಂದೆ ಹಾಡುವವಳು.

“ಏರೂದು ಯಾರರ ಏರ್ತಾರವ್ವ. ಕಾಲು ಜಾರೂದು ಇಳಿಯೂ ಮುಂದ. ಜೋರಾಗಿ ಹೇಳಬೇಕು ಮತ್ತ!”

ಜೋರಾಗಿಯೇ ಹೇಳಬೇಕು, ಅದು ಅವನ ಕಾನೂನು. ಮಹದೇವಪುರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತವನು. ಆ ಧಡಧಡ ಬಿಟ್ಟರೆ ಪೇಟಿಯೇ ಪ್ರಪಂಚ. ಪೇಟಿ ಮುಂದೆ ಕೂತನೆಂದರೆ ಮನೆ ಓನರ್ ವೆಂಕಟಮ್ಮ ಮಹಡಿಯಿಂದ ಗಂಟಲು ಹರಿದುಕೊಂಡರೂ ಓಗೊಡುವ ಆಸಾಮಿಯಲ್ಲ. ಸಂಗೀತದ ಹುಚ್ಚು ಎಂದು ವಠಾರವೆಲ್ಲ ನಗುತ್ತಿತ್ತು. ಸವಿತಾಳೂ ನಗುತ್ತಿದ್ದಳು.

ಎರಡು ಸಲ ಸರಿಯಾಗಿ ಹೇಳಿದಳು. ಮೂರನೆಯ ಸಲ ತಿದಿಯ ಗಾಳಿ ಬುಸ್ಸೆಂದಿತು, ಸ್ವರ ಬರಲಿಲ್ಲ. ಆಮೇಲೆ ಪಾ ಒಂದೇ ಕೇಳಿತು.

“ಹೇಳು, ಎಲ್ಲಿಂದ ಎಲ್ಲಿಗೆ ಇಳೀತು?”

“ಅಪ್ಪಾ, ಒಂದ ಸ್ವರ ಬಂತಲ್ಲ!”

“ಲಕ್ಷ್ಯ ಎಲ್ಲೈತಿ ನಿಂದು? ಇನ್ನೊಮ್ಮೆ ಕೇಳು.”

ಮತ್ತೆ ಗಾಳಿ. ಸವಿತಾ ತಡೆಯಲಾರದೆ ತಿರುಗಿದಳು. ಅಪ್ಪನ ಬೆರಳು ಮೇಲಿನ ಸಾದ ಮೇಲಿತ್ತು, ಪೂರಾ ಒತ್ತಿತ್ತು. ಒಳಗೆ ಕಸವೋ ಜಿರಲೆಯೋ ಸಿಕ್ಕಿ ಆ ಸ್ವರ ಸತ್ತಿತ್ತು. ಅಮರಪ್ಪ ಮಾತ್ರ ಕಣ್ಣು ಮುಚ್ಚಿ, ಅದು ತುಂಬಿ ಬರುತ್ತಿದೆಯೆಂಬಂತೆ ತಲೆದೂಗುತ್ತಿದ್ದ.

ಅಯ್ಯೋ ಶಿವನೇ, ಎಂದಿನಿಂದ? ಇಷ್ಟು ಭಾನುವಾರ ಅಪ್ಪ ತಿದ್ದಿದ್ದು ಕಿವಿಯಿಂದಲ್ಲ, ಬೆರಳಿನ ಲೆಕ್ಕದಿಂದ. “ಅಪ್ಪಾ,” ಎಂದಳು, ಮೆಲ್ಲಗೆ. ಅವನ ಕಣ್ಣು ತೆರೆಯಲಿಲ್ಲ. ಅವಳು ಮತ್ತೆ ಗೋಡೆಗೆ ತಿರುಗಿದಳು. ಗೋಡೆ ಮಂಜಾಗಿತ್ತು.

“ಸಾದಿಂದ ಪಾಕ್ಕ, ಅಪ್ಪಾ!” ಎಂದು ಕೂಗಿ ಹೇಳಿದಳು.

“ಶಾಭಾಸ್! ಕಿವಿ ಅಂದ್ರ ಇದು. ಸಂಜೀಕ ಹೆದರಬ್ಯಾಡವ್ವ. ನೀ ತಪ್ಪಿದ್ರ ಹಿಡಿಯಾಕ ನಾ ಅದೀನಿ.”

ಮಹಡಿಯಿಂದ ವೆಂಕಟಮ್ಮನ ದನಿ ಬಂತು: “ಅಮರಪ್ಪೋ, ನೀರು ಬಂದೈತೆ, ಇಡ್ಕಳಪ್ಪೋ!”

ಅಮರಪ್ಪ ಪೇಟಿ ಒರೆಸುತ್ತಿದ್ದ. ಸವಿತಾ ಎದ್ದು ಬಿಂದಿಗೆ ತೆಗೆದುಕೊಂಡು, “ಬಂದೆ ಅಕ್ಕಾ,” ಎಂದಳು.